ಬೇಕು ಸರಿ, ಬ್ಯಾಡ ಯಾಕೆ? 'ಆ್ಯ' ಸ್ವರ ಕನ್ನಡದ್ದೋ ಇಂಗ್ಲಿಷಿನದ್ದೋ

ಮಲಪ್ರಭಾ_ದಂಡೆ ಕೇಳಿದ್ದು:

ಬ್ಯಾಂಕ್, ಬ್ಯಾಟ್, ಕ್ಯಾಮೆರಾ ಇವುಗಳಲ್ಲಿ ಬರುವ ಸ್ವರ ಇದೆಯಲ್ಲ, ಎ-ಗೂ ಆ-ಗೂ ನಡುವಿನದ್ದು, ಅದು ಇಂಗ್ಲಿಷಿನಿಂದ ಕನ್ನಡಕ್ಕೆ ಬಂದದ್ದು ಅಂತ ಎಲ್ಲರೂ ಹೇಳುತ್ತಾರೆ. ಕನ್ನಡಕ್ಕೆ ಆ ಸ್ವರ ಇರಲಿಲ್ಲ, ಅದಕ್ಕೇ ಅಕ್ಷರವೂ ಇಲ್ಲ, ಯ ಒತ್ತು ಕೊಟ್ಟು ಹೇಗೋ ಬರೆಯುತ್ತೇವೆ ಅನ್ನುವುದು ಅವರ ವಾದ. ನನಗೆ ಇದು ಒಪ್ಪಿಗೆ ಆಗುತ್ತಿಲ್ಲ.

ನಾನು ಬಾಗಲಕೋಟೆ ಕಡೆಯವಳು. ಈಗ ಬೆಂಗಳೂರಿನಲ್ಲಿ ಮಕ್ಕಳ ಆಡಿಯೋ ಪಾಠಗಳಿಗೆ ದನಿ ಕೊಡುತ್ತೇನೆ. ಓದುವಾಗ ನನ್ನ ಬಾಯಲ್ಲಿ 'ಮೇಲೆ' ಅನ್ನುವುದು ಸ್ವಲ್ಪ ಮ್ಯಾಲೆ ಥರ ಬರುತ್ತದೆ. ಬೇರೆ, ಬೇಡ, ದೇವರು ಇವೂ ಅಷ್ಟೆ. ರೆಕಾರ್ಡಿಂಗ್ ನೋಡಿಕೊಳ್ಳುವವರು ನಿಲ್ಲಿಸಿ ಮತ್ತೆ ಓದಿಸುತ್ತಾರೆ. ಓದಿಸಲಿ, ಅದು ಕೆಲಸ. ಆದರೆ ಜೊತೆಗೆ "ಇಂಗ್ಲಿಷ್ ಉಚ್ಚಾರ ಕನ್ನಡದ ಮೇಲೆ ಹಾಕಬೇಡಿ" ಅಂದರು. ಅದು ಮನಸ್ಸಿಗೆ ಹತ್ತಿತು. ನಮ್ಮಜ್ಜಿ ಒಂದು ಅಕ್ಷರ ಇಂಗ್ಲಿಷ್ ಕೇಳಿದವರಲ್ಲ. ಅವರು ಬ್ಯಾಳಿ ಸಾರು, ಪ್ಯಾಟಿ, ಬ್ಯಾಸಗಿ, ಹ್ಯಾಂಗ ಅಂತಲೇ ಮಾತಾಡುವುದು. ಅವರ ಅಜ್ಜಿಯೂ ಹಾಗೇ ಮಾತಾಡಿರಬೇಕು, ಅಲ್ವಾ?

ಇನ್ನೊಂದು ಗಮನಿಸಿದೆ. ಇದೇ ಅಜ್ಜಿ ಹೊಲದ ಬೇಲಿಗೆ ಬೇಲಿ ಅಂತಲೇ ಅನ್ನುತ್ತಾರೆ, ಎಂದೂ ಬ್ಯಾಲಿ ಅನ್ನುವುದಿಲ್ಲ. ಬೇಕು ಅನ್ನುವುದು ಬೇಕು, ಆದರೆ ಬೇಡ ಅನ್ನುವುದು ಬ್ಯಾಡ. ಬಾಯಿಗೆ ಬಂದಂತೆ ಹಾಳು ಮಾಡಿ ಮಾತಾಡುವುದಾದರೆ ಎಲ್ಲದಕ್ಕೂ ಒಂದೇ ಗತಿ ಆಗಬೇಕಿತ್ತು. ಇದರ ಹಿಂದೆ ಏನಾದರೂ ಲೆಕ್ಕ ಇದೆಯಾ? ಮತ್ತೆ ಅಜ್ಜಿಯ ಬ್ಯಾಳಿಯ ಸ್ವರ, ಇಂಗ್ಲಿಷಿನ ಬ್ಯಾಂಕ್‌ನ ಸ್ವರ ಎರಡೂ ಒಂದೇನಾ? ಗೊತ್ತಿದ್ದವರು ದಯವಿಟ್ಟು ಬಿಡಿಸಿ ಹೇಳಿ.


ಧ್ವನಿಜಾಡು ಬರೆದದ್ದು:

ಲೆಕ್ಕ ಇದೆ, ಅದೂ ಬಹಳ ಚೊಕ್ಕವಾದ ಲೆಕ್ಕ. ಅದನ್ನು ನಿಮ್ಮ ಪ್ರಶ್ನೆಯಲ್ಲೇ ಅರ್ಧ ಹಿಡಿದುಬಿಟ್ಟಿದ್ದೀರಿ.

ಮೊದಲು ಬಾಯೊಳಗೆ ಏನಾಗುತ್ತದೆ ನೋಡಿ. ಇ, ಎ, ಆ್ಯ ಮೂರೂ ನಾಲಿಗೆಯ ಮುಂಭಾಗ ಎತ್ತಿ ಹೇಳುವ ಸ್ವರಗಳು. ಇ ಹೇಳುವಾಗ ನಾಲಿಗೆ ಅಂಗುಳಕ್ಕೆ ಹತ್ತಿರ ಇರುತ್ತದೆ. ಎ ಹೇಳುವಾಗ ಸ್ವಲ್ಪ ಇಳಿಯುತ್ತದೆ. ಆ್ಯ ಹೇಳುವಾಗ ದವಡೆ ಚೆನ್ನಾಗಿ ತೆರೆದು ನಾಲಿಗೆ ಇನ್ನೂ ಕೆಳಗೆ ಬರುತ್ತದೆ, ಆದರೆ ಮುಂದೆಯೇ ಉಳಿಯುತ್ತದೆ. ಅದೇ ನಾಲಿಗೆ ಹಿಂದಕ್ಕೆ ಸರಿದರೆ ಆ ಆಗಿಬಿಡುತ್ತದೆ. ಅಂದರೆ ಆ್ಯ ಅನ್ನುವುದು ಬಾಯಿ ಜಾಸ್ತಿ ತೆರೆದು ಹೇಳಿದ ಏ, ಅಷ್ಟೆ. ಅಂತರರಾಷ್ಟ್ರೀಯ ಧ್ವನಿಲಿಪಿಯಲ್ಲಿ ಇದಕ್ಕೆ ರೋಮನ್ ಲಿಪಿಯ a ಮತ್ತು e ಅಂಟಿಸಿದಂಥ ಒಂದು ಗುರುತು (æ) ಇದೆ, ಅದನ್ನು ಆಶ್ ಅನ್ನುತ್ತಾರೆ.

ಈಗ ನಿಮ್ಮ ಅಜ್ಜಿಯ ಲೆಕ್ಕ. ಪದದಲ್ಲಿ ಏ ಇದ್ದು, ಅದರ ಮುಂದಿನ ಅಕ್ಷರದಲ್ಲಿ ಅ ಅಥವಾ ಎ ಇದ್ದರೆ ಆ ಏ ಬಾಯಿ ತೆರೆದು ಆ್ಯ ಆಗುತ್ತದೆ. ಮುಂದೆ ಇ ಅಥವಾ ಉ ಇದ್ದರೆ ಏ ಹಾಗೇ ಉಳಿಯುತ್ತದೆ. ಬೇಡ, ಮೇಲೆ, ಬೇರೆ, ಬೇಳೆ, ಪೇಟೆ, ಮೇಕೆ, ನೇರಳೆ, ದೇವರು: ಎಲ್ಲದರಲ್ಲೂ ಏ ಆದ ಮೇಲೆ ಅ ಅಥವಾ ಎ. ಹಾಗಾಗಿ ಬ್ಯಾಡ, ಮ್ಯಾಲೆ, ಬ್ಯಾರೆ, ಬ್ಯಾಳೆ, ಪ್ಯಾಟೆ, ಮ್ಯಾಕೆ, ನ್ಯಾರಳೆ, ದ್ಯಾವ್ರು. ಇನ್ನು ಬೇಕು, ಬೇರು, ಬೇವು, ಮೇವು, ಗೇಣು, ಬೇಲಿ, ಕೇರಿ, ದೇವಿ ನೋಡಿ. ಮುಂದೆ ಇ ಅಥವಾ ಉ. ಇವನ್ನು ಬ್ಯಾಕು, ಬ್ಯಾವು, ಕ್ಯಾರಿ ಅಂತ ಯಾವ ಹಳ್ಳಿಯಲ್ಲೂ ಯಾರೂ ಹೇಳುವುದಿಲ್ಲ. ದ್ಯಾವ್ರು ಅನ್ನುವ ಬಾಯಿಯೇ ದೇವಿ ಅನ್ನುತ್ತದೆ.

ಕಾರಣ ಸರಳ. ಮುಂದೆ ಬಾಯಿ ತೆರೆಯಬೇಕಾದ ಸ್ವರ ಬರುತ್ತದೆ ಅಂತ ನಾಲಿಗೆಗೆ ಮೊದಲೇ ಗೊತ್ತಿರುತ್ತದೆ. ಅದು ಈಗಿನಿಂದಲೇ ಇಳಿಯತೊಡಗುತ್ತದೆ. ಮುಂದೆ ಇ, ಉ ಬರುವುದಾದರೆ ಇಳಿಯುವ ಅಗತ್ಯವೇ ಇಲ್ಲ.

ಓ-ಗೂ ಇದೇ ಲೆಕ್ಕ. ನಿಮ್ಮ ಕಡೆ ಜೋಳಕ್ಕೆ ಜ್ವಾಳ ಅನ್ನುತ್ತಾರೆ, ಗೋದಿಗೆ ಗೋದಿ ಅಂತಲೇ ಅನ್ನುತ್ತಾರೆ. ತೋಟ ತ್ವಾಟ, ಕೋಣ ಕ್ವಾಣ, ಆದರೆ ಕೋಳಿ ಕೋಳಿಯೇ. ಒಂದೇ ಹೊಲದ ಎರಡು ಬೆಳೆ, ಒಂದರ ಸ್ವರ ತೆರೆಯಿತು, ಇನ್ನೊಂದರದ್ದು ತೆರೆಯಲಿಲ್ಲ. ಮುಂದಿನ ಅಕ್ಷರ ನೋಡಿದರೆ ಉತ್ತರ ಸಿಗುತ್ತದೆ.

ಇದು ಬರೀ ಹಳ್ಳಿ ಮಾತು ಅಂತ ಯಾರಾದರೂ ಅಂದರೆ ಅವರಿಗೆ ಒಂದು ಪದ ತೋರಿಸಿ: ಯಾಕೆ. ಇದು ಏಕೆ ಅನ್ನುವುದರ ಬಾಯಿ ತೆರೆದ ರೂಪ. ಪತ್ರಿಕೆಯಲ್ಲಿ, ಕಥೆಯಲ್ಲಿ, ಭಾಷಣದಲ್ಲಿ ಎಲ್ಲ ಕಡೆ ಯಾಕೆ ಅಂತ ರಾಜಾರೋಷವಾಗಿ ಬರೆಯುತ್ತೇವೆ. ಏಲಕ್ಕಿ ಯಾಲಕ್ಕಿ ಆಯಿತು, ನೀರೆತ್ತುವ ಏತ ಯಾತ ಆಯಿತು. ಆದರೆ ಏನು, ಏಳು, ಏರು, ಏಣಿ, ಏಡಿ? ಒಂದೂ ಬದಲಾಗಲಿಲ್ಲ. ಯಾನು, ಯಾಣಿ ಅಂತ ಯಾರೂ ಅನ್ನುವುದಿಲ್ಲ. ಅದೇ ನಿಯಮ, ಅದೇ ಕಟ್ಟುನಿಟ್ಟು.

ಹಾಗಾಗಿ ಇಂಗ್ಲಿಷ್ ಉಚ್ಚಾರ ಅನ್ನುವ ಮಾತಿಗೆ ಬುಡವೇ ಇಲ್ಲ. ಬ್ಯಾಂಕ್ ಅನ್ನುವ ಪದ ನಮ್ಮಲ್ಲಿಗೆ ಬಂದಾಗ ಆ ಸ್ವರ ಬರೆಯಲು ಯ ಒತ್ತು ಸಲೀಸಾಗಿ ಸಿಕ್ಕಿತಲ್ಲ, ಅದು ಸಿಕ್ಕಿದ್ದು ನಮ್ಮ ಕಿವಿಗೆ ಆ ಸ್ವರ ಮೊದಲೇ ಗೊತ್ತಿದ್ದದ್ದಕ್ಕೆ ಅಂತ ನನ್ನ ಅನಿಸಿಕೆ.


ಬಳ್ಳಾರಿ_ಬಯಲು ಬರೆದದ್ದು:

ತೆಲುಗಿನಲ್ಲೂ ಹೀಗೇ ಇದೆ. ಮೇಕ ಅಂದರೆ ಆಡು, ಮೇಕು ಅಂದರೆ ಮೊಳೆ. ಬರೆಯುವಾಗ ಎರಡಕ್ಕೂ ಒಂದೇ ಮೇ. ಹೇಳುವಾಗ ಮೇಕ ಅನ್ನುವುದರಲ್ಲಿ ಬಾಯಿ ತೆರೆಯುತ್ತದೆ, ಮೇಕು ಅನ್ನುವುದರಲ್ಲಿ ಇಲ್ಲ. ನಮ್ಮ ಮನೆಯಲ್ಲಿ ಎರಡೂ ಭಾಷೆ ನಡೆಯುತ್ತದೆ, ಕನ್ನಡದ ಮ್ಯಾಕೆಗೂ ತೆಲುಗಿನ ಮೇಕಕ್ಕೂ ಸ್ವರದಲ್ಲಿ ನನಗೆ ವ್ಯತ್ಯಾಸವೇ ಕೇಳುವುದಿಲ್ಲ.


ಮಲಪ್ರಭಾ_ದಂಡೆ:

ಜೋಳ-ಗೋದಿ ಓದಿ ರೋಮಾಂಚನ ಆಯಿತು. ಇಷ್ಟು ವರ್ಷ ಮಾತಾಡಿದರೂ ಇದನ್ನು ಯಾರೂ ತೋರಿಸಿರಲಿಲ್ಲ.

ಆದರೆ ಒಂದು ಕಡೆ ಸಿಕ್ಕಿಕೊಂಡೆ. ನಮ್ಮ ಕಡೆ ಕೊನೆಯ ಎ ಎಲ್ಲಾ ಇ ಆಗುತ್ತದೆ. ಮನೆ ಮನಿ, ಬೇಳೆ ಬ್ಯಾಳಿ, ಪೇಟೆ ಪ್ಯಾಟಿ. ನಿಮ್ಮ ಲೆಕ್ಕದ ಪ್ರಕಾರ ಮುಂದೆ ಇ ಬಂದರೆ ಬಾಯಿ ತೆರೆಯಬಾರದು. ಹಾಗಾದರೆ ಬೇಳಿ, ಪೇಟಿ ಅಂತ ಆಗಬೇಕಿತ್ತಲ್ವಾ?


ಧ್ವನಿಜಾಡು:

ನೀವು ಕೈ ಇಟ್ಟಿರುವುದು ಇಡೀ ವಿಷಯದ ತಿರುಳಿಗೇ.

ಮೊದಲು ಪೇಟೆ ಇತ್ತು. ಮುಂದಿನ ಎ ನೋಡಿ ಅದು ಪ್ಯಾಟೆ ಆಯಿತು. ಆಮೇಲೆ ಕೊನೆಯ ಎ ಹೋಗಿ ಇ ಬಂತು. ಅಷ್ಟರಲ್ಲಿ ಆ್ಯ ಗಟ್ಟಿಯಾಗಿ ಕೂತುಬಿಟ್ಟಿತ್ತು. ಅದನ್ನು ಹುಟ್ಟಿಸಿದ ಸ್ವರ ಜಾಗ ಖಾಲಿ ಮಾಡಿದರೂ ಅದು ಮಾತ್ರ ಉಳಿಯಿತು.

ಇದರ ಪರಿಣಾಮ ಏನು ಗೊತ್ತಾ? ನಿಮ್ಮ ಕಡೆ ಪೇಟಿ ಅನ್ನುವ ಪದ ಬೇರೆಯೇ ಇದೆ. ಹಾರ್ಮೋನಿಯಂಗೆ ಪೇಟಿ ಅನ್ನುತ್ತಾರೆ, ಬಾರಿಸುವವರು ಪೇಟಿ ಮಾಸ್ತರು. ಈಗ ಪ್ಯಾಟಿ ಮತ್ತು ಪೇಟಿ ಪಕ್ಕಪಕ್ಕ ಇಟ್ಟು ನೋಡಿ. ಮೊದಲ ವ್ಯಂಜನ ಒಂದೇ, ಎರಡನೆಯದೂ ಒಂದೇ, ಕೊನೆಯ ಸ್ವರವೂ ಒಂದೇ. ಬೇರೆ ಇರುವುದು ನಡುವಿನ ಸ್ವರ ಮಾತ್ರ. ಒಂದು ಊರಿನ ಪೇಟೆ, ಇನ್ನೊಂದು ಹಾರ್ಮೋನಿಯಂ. ಮೈಸೂರು ಕಡೆಯ ಹಳ್ಳಿಯಲ್ಲಿ ಆ್ಯ ಬರುತ್ತದೋ ಇಲ್ಲವೋ ಅಂತ ಮುಂದಿನ ಸ್ವರ ನೋಡಿ ಹೇಳಬಹುದು, ಅಂದರೆ ಅಲ್ಲಿ ಅದು ಬಹುಮಟ್ಟಿಗೆ ಏ-ಯ ಇನ್ನೊಂದು ಮುಖ. ಪ್ಯಾಟಿ-ಪೇಟಿ ಇರುವ ಕಡೆ ಹಾಗೆ ಹೇಳಲಾಗುವುದಿಲ್ಲ. ಅಲ್ಲಿ ಆ್ಯ ಸ್ವಂತ ಕಾಲ ಮೇಲೆ ನಿಂತ ಸ್ವರ. ಅರ್ಥವನ್ನೇ ಬದಲಿಸುತ್ತದೆ. ಭಾಷಾವಿಜ್ಞಾನದಲ್ಲಿ ಇಂಥದ್ದಕ್ಕೆ ಧ್ವನಿಮಾ ಅನ್ನುತ್ತಾರೆ.

ಒಂದು ಸ್ವರ ಹುಟ್ಟುವುದೇ ಹೀಗೆ. ಇಂಗ್ಲಿಷಿನಲ್ಲಿ ಮ್ಯಾನ್ ಬಹುವಚನದಲ್ಲಿ ಮೆನ್ ಆಗುತ್ತದಲ್ಲ, ಯಾಕೆ? ಬಹಳ ಹಿಂದೆ ಆ ಬಹುವಚನ ರೂಪದ ಕೊನೆಗೆ ಇ ಇದ್ದ ಪ್ರತ್ಯಯ ಇತ್ತು. ಆ ಇ-ಗೆ ಹೊಂದಿಕೊಳ್ಳಲು ಹಿಂದಿನ ಸ್ವರ ಮೇಲೆ ಏರಿತು. ಆಮೇಲೆ ಪ್ರತ್ಯಯ ಉದುರಿತು, ಏರಿದ ಸ್ವರ ಉಳಿಯಿತು. ಫುಟ್-ಫೀಟ್, ಮೌಸ್-ಮೈಸ್ ಕೂಡ ಇದೇ ಥರದ ಕಥೆ, ಅಲ್ಲಿ ಸ್ವರ ಏರುವ ಬದಲು ಮುಂದಕ್ಕೆ ಸರಿಯಿತು. ಅಲ್ಲಿ ನಡೆದದ್ದನ್ನು ಭಾಷೆಯ ಚರಿತ್ರೆ ಅಂತ ಕಾಲೇಜಿನಲ್ಲಿ ಪಾಠ ಮಾಡುತ್ತಾರೆ. ಅದೇ ಕೆಲಸ ಬಾದಾಮಿಯ ಸಂತೆಯಲ್ಲಿ ನಡೆದರೆ ಅಶುದ್ಧ ಅನ್ನುತ್ತಾರೆ. ಇದು ನನಗೆ ನಿಜಕ್ಕೂ ಬೇಜಾರು ತರುವ ಸಂಗತಿ.

ಕನ್ನಡಕ್ಕೆ ಮುಂದಿನ ಸ್ವರ ನೋಡಿ ಹಿಂದಿನದನ್ನು ಬದಲಿಸುವ ಅಭ್ಯಾಸ ಹೊಸದೂ ಅಲ್ಲ. ತಮಿಳಿನಲ್ಲಿ ಎಲಿ, ನಮ್ಮಲ್ಲಿ ಇಲಿ. ತಮಿಳಿನಲ್ಲಿ ವೆಯಿಲ್, ನಮ್ಮಲ್ಲಿ ಬಿಸಿಲು. ಇಲ್ಲಿ ಮುಂದೆ ಇ ಇದ್ದದ್ದರಿಂದ ಎ ಮೇಲೆ ಏರಿ ಇ ಆಯಿತು. ಬ್ಯಾಡದಲ್ಲಿ ಮುಂದೆ ಅ ಇದ್ದದ್ದರಿಂದ ಏ ಕೆಳಗೆ ಇಳಿಯಿತು. ದಿಕ್ಕು ಬೇರೆ, ಮುಂದಿನ ಸ್ವರಕ್ಕೆ ಒಗ್ಗಿಕೊಳ್ಳುವ ಗುಣ ಒಂದೇ.


ತರಂಗ_ಮಾಪಕ ಬರೆದದ್ದು:

ಅಜ್ಜಿಯ ಸ್ವರ, ಬ್ಯಾಂಕ್ ಸ್ವರ ಒಂದೇನಾ ಅನ್ನುವ ಪ್ರಶ್ನೆಗೆ ಯಾರೂ ಬರಲಿಲ್ಲ. ನಾನು ದನಿ ಅಳೆಯುವ ಕೆಲಸ ಮಾಡುತ್ತೇನೆ, ಆ ಕಡೆಯಿಂದ ಹೇಳುತ್ತೇನೆ.

ಕಿವಿ ನಂಬಬೇಡಿ, ಅಳೆದು ನೋಡಿ. ನಿಮ್ಮ ಹತ್ತಿರ ಒಳ್ಳೆಯ ಮೈಕ್ ಇದೆ, ಸದ್ದಿಲ್ಲದ ಕೋಣೆ ಇದೆ. ಪ್ರಾಟ್ ಅಂತ ಒಂದು ಸಾಫ್ಟ್‌ವೇರ್ ಇದೆ, ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಬೂರ್ಸ್ಮಾ ಮತ್ತು ವೇನಿಂಕ್ ಮಾಡಿದ್ದು, ಉಚಿತ. ಧ್ವನಿಶಾಸ್ತ್ರದವರು ದಿನಾ ಬಳಸುವುದು ಅದನ್ನೇ. ಬೇಲಿ, ಬ್ಯಾಳಿ, ಬ್ಯಾಂಕ್ ಮೂರೂ ಹೇಳಿ ರೆಕಾರ್ಡ್ ಮಾಡಿ ಅದರಲ್ಲಿ ತೆರೆಯಿರಿ.

ಸ್ವರ ಹೇಳುವಾಗ ಬಾಯಿ ಮತ್ತು ಗಂಟಲಿನ ಪೊಳ್ಳು ಕೆಲವು ಕಂಪನಗಳನ್ನು ಹೆಚ್ಚಿಸಿ ಕೊಡುತ್ತದೆ. ಅವಕ್ಕೆ ಫಾರ್ಮೆಂಟ್ ಅನ್ನುತ್ತಾರೆ. ಮೊದಲ ಎರಡು ಸಾಕು. ಬಾಯಿ ತೆರೆದಷ್ಟೂ ಮೊದಲನೆಯದು ಏರುತ್ತದೆ. ನಾಲಿಗೆ ಮುಂದೆ ಇದ್ದಷ್ಟೂ ಎರಡನೆಯದು ಏರುತ್ತದೆ. ಅಮೆರಿಕದಲ್ಲಿ ಪೀಟರ್ಸನ್ ಮತ್ತು ಬಾರ್ನಿ 1952ರಲ್ಲಿ 76 ಜನರ ಸ್ವರಗಳನ್ನು ಅಳೆದು ಪ್ರಕಟಿಸಿದರು. ಅದರಲ್ಲಿ ಹೆಂಗಸರ ಸರಾಸರಿ ಹೀಗಿದೆ: ಬೀಟ್‌ನಂಥ ಪದದ ಈ-ಗೆ ಮೊದಲ ಫಾರ್ಮೆಂಟ್ 310 ಹರ್ಟ್ಸ್, ಎರಡನೆಯದು 2790. ಬೆಡ್‌ನಂಥ ಪದದ ಎ-ಗೆ 610, 2330. ಬ್ಯಾಟ್‌ನಂಥ ಪದದ ಆ್ಯ-ಗೆ 860, 2050. ಇ-ಯಿಂದ ಆ್ಯ-ವರೆಗೆ ಬರುತ್ತಾ ಮೊದಲನೆಯದು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ ನೋಡಿ. ಅದು ದವಡೆ ಇಳಿಯುವುದರ ಲೆಕ್ಕ. ನಿಮ್ಮ ಅಂಕಿಗಳು ಇವೇ ಬರಬೇಕು ಅಂತಿಲ್ಲ, ಒಬ್ಬೊಬ್ಬರ ಗಂಟಲಿನ ಉದ್ದ ಬೇರೆ, ಭಾಷೆಯೂ ಬೇರೆ. ನಿಮ್ಮ ಬೇಲಿಯ ಏ-ಗೂ ನಿಮ್ಮ ಬ್ಯಾಳಿಯ ಸ್ವರಕ್ಕೂ ಎಷ್ಟು ಅಂತರ ಅನ್ನುವುದೇ ಮುಖ್ಯ. ಹೆಂಗಸರ ದನಿ ಅಳೆಯುವಾಗ ಪ್ರಾಟ್‌ನಲ್ಲಿ ಫಾರ್ಮೆಂಟ್ ಮಿತಿ 5500 ಹರ್ಟ್ಸ್ ಇರಲಿ, ಗಂಡಸರಾದರೆ 5000. ಅದು ಸರಿ ಇಲ್ಲದಿದ್ದರೆ ಅಂಕಿಗಳು ಅಡ್ಡಾದಿಡ್ಡಿ ಬರುತ್ತವೆ.

ಇನ್ನೊಂದು ಪ್ರಶ್ನೆ ಇದೆ, ಅದು ನನಗೆ ಇನ್ನೂ ಇಷ್ಟವಾದದ್ದು. ಬ್ಯಾಳಿಯಲ್ಲಿ ನಿಜವಾಗಿಯೂ ಯ ಇದೆಯಾ? ಬರೆಯುವಾಗ ಇದೆ. ಬಾಯಲ್ಲಿ? ಪರದೆಯ ಮೇಲೆ ಎರಡನೇ ಫಾರ್ಮೆಂಟ್‌ನ ಗೆರೆ ನೋಡಿ. ಯ ಇದ್ದರೆ ಅದು ಎತ್ತರದಲ್ಲಿ ಶುರುವಾಗಿ ಆ ಕಡೆಗೆ ಜಾರಿ ಕೆಳಗೆ ಬರುತ್ತದೆ. ಒಂದೇ ಸ್ವರ ಆಗಿದ್ದರೆ ಗೆರೆ ಹೆಚ್ಚು ಕಡಿಮೆ ಮಟ್ಟಸವಾಗಿ ಹೋಗುತ್ತದೆ. ಹೋಲಿಕೆಗೆ ವ್ಯಾಪಾರ ಅಥವಾ ನ್ಯಾಯ ಹೇಳಿ, ಅವುಗಳಲ್ಲಿ ಯ ನಿಜವಾದದ್ದು. ನ್ಯಾಯ ಮತ್ತು ನ್ಯಾಷನಲ್, ತ್ಯಾಗ ಮತ್ತು ಟ್ಯಾಗ್. ಬರಹದಲ್ಲಿ ಒಂದೇ ಗುರುತು, ಒಳಗೆ ಎರಡು ಬೇರೆ ಸದ್ದು. ಬೆಂಗಳೂರಿನಲ್ಲೇ ಬ್ಯಾಂಕನ್ನು ಬ್‌ಯಾಂಕ್ ಅಂತ ಯ ಬಿಡಿಸಿ ಹೇಳುವವರೂ ಇದ್ದಾರೆ, ಬರಹ ನೋಡಿ ಕಲಿತವರಲ್ಲಿ ಇದು ಜಾಸ್ತಿ.

ಉದ್ದದ ಬಗ್ಗೆ ಒಂದು ಮಾತು. ಇಂಗ್ಲಿಷಿನ ವ್ಯಾಕರಣದಲ್ಲಿ ಬ್ಯಾಟ್‌ನ ಸ್ವರ ಹ್ರಸ್ವ. ಆದರೆ ಸಮಯ ಅಳೆದರೆ ಅದು ಬಿಟ್, ಬೆಟ್ ಇವುಗಳ ಸ್ವರಕ್ಕಿಂತ ಉದ್ದ ಇರುತ್ತದೆ. ಬಾಯಿ ಅಷ್ಟು ತೆರೆದು ಮುಚ್ಚಲು ಹೊತ್ತು ಬೇಕಲ್ಲ. ಬ್ಯಾಗ್‌ನಲ್ಲಿ ಬ್ಯಾಕ್‌ಗಿಂತಲೂ ಉದ್ದ, ಯಾಕೆಂದರೆ ಮುಂದಿನ ಗ ಘೋಷ, ಅಂದರೆ ಗಂಟಲು ಕಂಪಿಸುತ್ತಾ ಹೇಳುವ ವ್ಯಂಜನ. ನಮ್ಮವರು ಅದನ್ನು ದೀರ್ಘ ಅಂತ ಕೇಳಿಸಿಕೊಂಡು ದೀರ್ಘ ಕೊಟ್ಟು ಬರೆದದ್ದು ಸರಿಯಾಗಿಯೇ ಇದೆ.


ಕಡಲತಡಿ_ತುಳುವ ಬರೆದದ್ದು:

ಉಡುಪಿ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ. ತುಳುವಿನಲ್ಲಿ ಬಾಯಿ ತೆರೆದ ಎ ಮತ್ತು ಮಾಮೂಲಿ ಎ ಎರಡೂ ಬೇರೆ ಬೇರೆ ಸ್ವರಗಳು. ನಿಮ್ಮ ಆ್ಯ-ದಷ್ಟು ತೆರೆದದ್ದಲ್ಲ, ಎ-ಗೂ ಅದಕ್ಕೂ ನಡುವೆ ಇರುತ್ತದೆ. ಆದರೆ ಅದರ ಮೇಲೆ ಬಿದ್ದಿರುವ ಭಾರ ನೋಡಿ. ಯಾನ್ ಪೋಪೆ ಅಂದರೆ ನಾನು ಹೋಗುತ್ತೇನೆ. ಆಯೆ ಪೋಪೆ ಅಂದರೆ ಅವನು ಹೋಗುತ್ತಾನೆ. ಕನ್ನಡ ಲಿಪಿಯಲ್ಲಿ ಬರೆದರೆ ಎರಡೂ ಒಂದೇ ಪೋಪೆ. ಬಾಯಲ್ಲಿ, ನಾನು ಅನ್ನುವಾಗ ಕೊನೆಯ ಎ ತೆರೆದದ್ದು, ಅವನು ಅನ್ನುವಾಗ ತೆರೆಯದ್ದು. ಬರ್ಪೆ ಅನ್ನುವುದೂ ಹಾಗೆಯೇ, ನಾನು ಬರುತ್ತೇನೆ ಮತ್ತು ಅವನು ಬರುತ್ತಾನೆ.

ಮಾತಾಡುವಾಗ ಯಾನ್, ಆಯೆ ಅಂತ ಪ್ರತಿ ಸಲ ಹೇಳುವುದಿಲ್ಲ. ಫೋನಿನಲ್ಲಿ ಬರೀ ಬರ್ಪೆ ಅಂದರೆ ಸಾಕು. ಬರುವವನು ಯಾರು ಅಂತ ಆ ಒಂದು ಸ್ವರವೇ ಹೇಳುತ್ತದೆ. ಹೊರಗಿನಿಂದ ಬಂದು ತುಳು ಕಲಿಯುವವರಿಗೆ ಬಹಳ ದಿನ ಇದು ಕಿವಿಗೇ ಬೀಳುವುದಿಲ್ಲ. ಲಿಪಿಯಲ್ಲಿ ಕಾಣದ್ದರಿಂದ ಪುಸ್ತಕ ನೋಡಿ ಕಲಿಯುವವರಿಗೆ ಇನ್ನೂ ಕಷ್ಟ. ತುಳು ಬರೆಯುವವರಲ್ಲಿ ಇದಕ್ಕೊಂದು ಗುರುತು ಬೇಕು ಅನ್ನುವವರಿದ್ದಾರೆ, ನಾನೂ ಅವರ ಜೊತೆ. ಅಕ್ಷರ ಇಲ್ಲ ಅಂದಮೇಲೆ ಸ್ವರ ಇಲ್ಲ ಅನ್ನುವ ವಾದ ತುಳುವಿನ ಮುಂದೆ ಒಂದು ನಿಮಿಷವೂ ನಿಲ್ಲುವುದಿಲ್ಲ.


ಅಕ್ಷರಜೋಡಣೆ ಬರೆದದ್ದು:

ಅಕ್ಷರದ ಮಾತು ಬಂದದ್ದಕ್ಕೆ ಹೇಳುತ್ತೇನೆ, ಪುಸ್ತಕದ ಪುಟ ಕಟ್ಟುವುದು ನನ್ನ ಕೆಲಸ.

ವ್ಯಂಜನದ ಮೇಲೆ ಬಂದರೆ ಯ ಒತ್ತು ಮತ್ತು ದೀರ್ಘ ಹಾಕಿ ಮುಗಿಸುತ್ತೇವೆ. ಪದದ ಶುರುವಿನಲ್ಲೇ ಬಂದರೆ ತಲೆನೋವು. ಆಸಿಡ್, ಆ್ಯಸಿಡ್, ಅ್ಯಸಿಡ್, ಯಾಸಿಡ್ ನಾಲ್ಕನ್ನೂ ನೋಡಿದ್ದೇನೆ, ಒಂದೇ ಹಸ್ತಪ್ರತಿಯಲ್ಲಿ ಎರಡೆರಡು ರೂಪ ಇರುತ್ತವೆ. ಕಂಪ್ಯೂಟರಿಗೆ ಆ್ಯ ಅಂದರೆ ಆ, ಆಮೇಲೆ ವಿರಾಮದ ಗುರುತು, ಆಮೇಲೆ ಯ. ವಿರಾಮ ಇರುವುದು ವ್ಯಂಜನದ ಒಳಗಿನ ಅ ತೆಗೆಯಲು. ಅದನ್ನು ಸ್ವರದ ಮೇಲೆ ಹಾಕಿದರೆ ಅದಕ್ಕೆ ಅರ್ಥವೇ ಇಲ್ಲ, ಆದರೂ ಬಳಕೆಯಲ್ಲಿ ಗಟ್ಟಿಯಾಗಿದೆ. ಅ ಹಾಕಿ ಬರೆದದ್ದು, ಆ ಹಾಕಿ ಬರೆದದ್ದು ಕಂಪ್ಯೂಟರಿಗೆ ಎರಡು ಬೇರೆ ಪದ. ಒಂದನ್ನು ಹುಡುಕಿದರೆ ಇನ್ನೊಂದು ಸಿಗುವುದಿಲ್ಲ. ಅಕಾರಾದಿ ಪಟ್ಟಿ ಮಾಡುವಾಗ ಎರಡೂ ಎರಡು ಮೂಲೆಗೆ ಹೋಗಿ ಕೂರುತ್ತವೆ.

ಬಂಗಾಳಿಯವರೂ ನಮ್ಮ ಹಾಗೆಯೇ ಸ್ವರಕ್ಕೆ ಯ ಒತ್ತು ಕೊಟ್ಟು ಬರೆಯುತ್ತಾರೆ. ಮರಾಠಿಯವರು ಅ ಮೇಲೆ ಅರ್ಧಚಂದ್ರ ಇಟ್ಟು ಬೇರೆ ಅಕ್ಷರವನ್ನೇ ಮಾಡಿಕೊಂಡರು, ಅದು 2008ರಲ್ಲಿ ಕಂಪ್ಯೂಟರಿನ ಅಕ್ಷರಪಟ್ಟಿಯಾದ ಯೂನಿಕೋಡ್‌ಗೂ ಸೇರಿತು. ಸಿಂಹಳದವರಿಗೆ ಆ ಚಿಂತೆಯೇ ಇಲ್ಲ. ಅವರ ಅಕ್ಷರಮಾಲೆಯಲ್ಲೇ ಈ ಸ್ವರಕ್ಕೆ ಹ್ರಸ್ವ ಒಂದು, ದೀರ್ಘ ಒಂದು ಅಕ್ಷರ ಇದೆ. ನಮ್ಮಲ್ಲೂ ಒಂದು ಗುರುತು ಆಗಲಿ ಅನ್ನುವುದು ನನ್ನ ಆಸೆ. ಲಿಪಿ ಬದಲಾಗಬಾರದು ಅನ್ನುವವರು ತಮಿಳು ನೋಡಲಿ. ಅಲ್ಲಿ ಎ-ಏ, ಒ-ಓ ಈಗ ಇರುವಂತೆ ಬೇರೆ ಬೇರೆಯಾಗಿ ಬರೆಯುವ ಕ್ರಮ 18ನೇ ಶತಮಾನದಲ್ಲಿ ಬೆಸ್ಕಿ ಎಂಬ ಪಾದ್ರಿ ತಂದದ್ದು. ಈಗ ಅದಿಲ್ಲದ ತಮಿಳನ್ನು ಯಾರೂ ಊಹಿಸಿಕೊಳ್ಳಲಾರರು.


ಧ್ವನಿಜಾಡು:

ಇಂಗ್ಲಿಷ್ ಪದಗಳಿಗೆ, ತುಳುವಿಗೆ ಗುರುತು ಬೇಕು ಅನ್ನುವುದನ್ನು ಒಪ್ಪುತ್ತೇನೆ. ಆದರೆ ಕನ್ನಡ ಪದಗಳಿಗೆ ಬೇಡ. ಬೇಡ ಅಂತ ಬರೆದರೆ ಧಾರವಾಡದವರು ಬ್ಯಾಡ ಅಂತ ಓದಿಕೊಳ್ಳಲಿ, ಮಂಗಳೂರಿನವರು ಬೇಡ ಅಂತ ಓದಿಕೊಳ್ಳಲಿ. ಒಂದೇ ಬರಹ ಎಲ್ಲರದ್ದೂ ಆಗುವುದು ಹಾಗೆ. ಅದು ಉಚ್ಚಾರವನ್ನು ಕಟ್ಟಿಹಾಕಲು ಶುರು ಮಾಡಿದ ದಿನ ಯಾವುದೋ ಒಂದು ಊರಿನವರ ಬಾಯಿ ಗೆಲ್ಲುತ್ತದೆ, ಉಳಿದವರದ್ದೆಲ್ಲ ತಪ್ಪಾಗುತ್ತದೆ.


ಅಕ್ಷರಜೋಡಣೆ:

ಕಥೆ, ನಾಟಕದಲ್ಲಿ ಪಾತ್ರದ ಮಾತು ಬರೆಯುವವರು ಏನು ಮಾಡಬೇಕು? ಪ್ಯಾಟಿ ಅಂತ ಬರೆದರೆ ಯ ಇಲ್ಲದ ಕಡೆ ಯ ಬರುತ್ತದೆ. ಪೇಟಿ ಅಂತ ಬರೆದರೆ ಹಾರ್ಮೋನಿಯಂ ಆಗುತ್ತದೆ. ಅವರಿಗೂ ಗುರುತು ಬೇಕೇ ಬೇಕು ಅನ್ನುವುದು ನನ್ನ ಅಭಿಪ್ರಾಯ.


ಮಲಪ್ರಭಾ_ದಂಡೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಪ್ರಾಟ್ ಹಾಕಿಕೊಂಡು ನೋಡಿದೆ. ನನ್ನ ಬ್ಯಾಳಿಯಲ್ಲಿ ಎರಡನೇ ಗೆರೆ ಮಟ್ಟಸ, ಯ ಇಲ್ಲವೇ ಇಲ್ಲ. ನ್ಯಾಯದಲ್ಲಿ ಮೇಲಿಂದ ಜಾರುವುದು ಕಣ್ಣಿಗೆ ಕಾಣುತ್ತದೆ. ಬ್ಯಾಳಿಯದ್ದೂ ಬ್ಯಾಂಕಿನದ್ದೂ ಬಹಳ ಹತ್ತಿರ ಇವೆ, ಬೇಲಿಯದ್ದು ಎಷ್ಟೋ ದೂರ.

ಸ್ಟುಡಿಯೋದಲ್ಲಿ ಒಂದು ಸಂಗತಿ ಕಂಡೆ. ನನ್ನ ಜೊತೆ ಓದುವವರು ಹುಟ್ಟಿ ಬೆಳೆದದ್ದೆಲ್ಲ ಬೆಂಗಳೂರಿನಲ್ಲೇ. ಅವರ ಬೇಡ ಮತ್ತು ಬೇಕು ಎರಡನ್ನೂ ಅವರ ಒಪ್ಪಿಗೆ ತೆಗೆದುಕೊಂಡು ಅಳೆದೆ. ಅವರ ಪ್ರಕಾರ ಎರಡೂ ಒಂದೇ ಏ. ಆದರೆ ಬೇಡದಲ್ಲಿ ಮೊದಲ ಫಾರ್ಮೆಂಟ್ ಜಾಸ್ತಿ ಇದೆ! ನನ್ನಷ್ಟು ಇಲ್ಲ, ಆದರೆ ಇದೆ. ಇದು ಸರೀನಾ?

ಕೊನೆಯದಾಗಿ, ಬೇಸಿಗೆಗೆ ಅಜ್ಜಿ ಬ್ಯಾಸಗಿ ಅನ್ನುತ್ತಾರೆ. ಬೇಸಿಗೆಯಲ್ಲಿ ಏ ಆದ ಮೇಲೆ ಇ ಇದೆ. ಲೆಕ್ಕ ಇಲ್ಲಿ ತಪ್ಪುತ್ತದಲ್ಲ?


ತರಂಗ_ಮಾಪಕ:

ಸರಿಯಾಗಿದೆ. ನಗರದ ಮಾತಿನಲ್ಲೂ ತೆರೆಯುತ್ತದೆ, ಕಡಿಮೆ ಅಷ್ಟೆ. ಹ್ರಸ್ವ ಎ-ಯಲ್ಲೂ ನೋಡಿ, ಬೆಳೆ ಮತ್ತು ಬೆಳ್ಳಿ ಹೇಳಿಸಿ. ಅಂತರ ಚಿಕ್ಕದು, ಆದರೆ ಸಿಗುತ್ತದೆ. ಒಂದೊಂದು ಪದವನ್ನು ಹಲವು ಸಲ ಹೇಳಿಸಿ ಸರಾಸರಿ ತೆಗೆಯಿರಿ, ಪದಗಳ ಕ್ರಮ ಕಲಸಿ ಹೇಳಿಸಿ. ಒಂದೇ ಸಲದ ಅಳತೆ ಮೇಲೆ ತೀರ್ಮಾನ ಬೇಡ.


ಧ್ವನಿಜಾಡು:

ಬೇಸಿಗೆಯ ವಿಷಯದಲ್ಲಿ ಲೆಕ್ಕ ತಪ್ಪುವುದಿಲ್ಲ, ಇನ್ನೂ ಗಟ್ಟಿಯಾಗುತ್ತದೆ. ಹಳೆಯ ರೂಪ ಬೇಸಗೆ. ಸ ಮೇಲೆ ಇದ್ದದ್ದು ಅ. ಅದನ್ನು ನೋಡಿಯೇ ಬಾಯಿ ತೆರೆದದ್ದು. ಬೇಸಿಗೆ ಅನ್ನುವ ಇ ಆಮೇಲಿನದ್ದು. ಅಜ್ಜಿ ಆ ಹಳೆಯ ಅ-ವನ್ನು ಹಾಗೇ ಇಟ್ಟುಕೊಂಡಿದ್ದಾರೆ, ಬ್ಯಾಸಗಿ ಅನ್ನುವಲ್ಲಿ ಸ ಮೇಲಿನ ಸ್ವರ ಗಮನಿಸಿ.

ಇದೇ ಅಚ್ಚಿನ ಇನ್ನೊಂದು ಪದ ಹೇಸಿಗೆ. ಅದು ಹೇಸು ಅನ್ನುವುದರಿಂದ ಬಂದದ್ದು, ಹೇಸು ಅನ್ನುವಲ್ಲಿ ಏ ಮುಂದೆ ಉ, ಹೇಸಿಗೆ ಅನ್ನುವಲ್ಲಿ ಇ. ಲೆಕ್ಕದ ಪ್ರಕಾರ ಅಲ್ಲಿ ಬಾಯಿ ತೆರೆಯಬಾರದು. ಊರಿಗೆ ಹೋದಾಗ ಬ್ಯಾಸಗಿ, ಹೇಸಿಗೆ ಎರಡನ್ನೂ ಅಜ್ಜಿಯ ಬಾಯಲ್ಲಿ ಹೇಳಿಸಿ, ಪ್ಯಾಟಿ-ಪೇಟಿ ಜೋಡಿಯನ್ನೂ ಬಿಡಬೇಡಿ. ನೇರವಾಗಿ ಪದ ಕೊಟ್ಟು ಹೇಳಿ ಅಂದರೆ ಹಿರಿಯರು ಪುಸ್ತಕದ ಥರ ಹೇಳಲು ಹೋಗುತ್ತಾರೆ. ಸುಮ್ನೆ ಮಾತಿಗೆ ಎಳೆದು, ಮಾತಿನ ನಡುವೆ ಆ ಪದ ಬರುವ ಹಾಗೆ ನೋಡಿಕೊಳ್ಳಿ. ಫೋನಿನ ರೆಕಾರ್ಡಿಂಗ್ ಆದರೂ ನಡೆಯುತ್ತದೆ, ಫ್ಯಾನ್ ಆರಿಸಿರಿ, ಫೋನ್ ಅವರ ಬಾಯಿಗೆ ಹತ್ತಿರ ಇರಲಿ. ಸಿಕ್ಕ ಅಂಕಿ ಇಲ್ಲೇ ಹಾಕಿ, ಮೈಸೂರು ಮತ್ತು ಹಾಸನದ ಕಡೆಯದ್ದು ನಾನು ಸೇರಿಸುತ್ತೇನೆ.